ಹೊಸ ಟ್ಯಾಬ್ ಬರುವ ಮುನ್ನ, ಬಂದ ದಿನ, ಮೊದಲ ವಾರ: ಯಾವುದು ಮೊದಲು, ಯಾವುದು ಆಮೇಲೆ

ಹೊಸ ಟ್ಯಾಬ್ ಕೊಂಡವರ ಪ್ರಶ್ನೆಗಳು ಸಾಮಾನ್ಯವಾಗಿ ಹತ್ತು ಹದಿನೈದು ದಿನ ತಡವಾಗಿ ಬರುತ್ತವೆ. ಪರದೆಯ ಮೂಲೆಯಲ್ಲಿ ಹಸಿರು ಚುಕ್ಕೆ ಕಾಣುತ್ತಿದೆ, ಒಂದು ಕಡೆಯ ಸ್ಪೀಕರ್ ಗೊರಗೊರ ಎನ್ನುತ್ತಿದೆ, ಸಿಮ್ ಹಾಕುವ ಜಾಗವೇ ಸಿಗುತ್ತಿಲ್ಲ, ಈಗ ಬದಲಿಸಿಕೊಡುತ್ತಾರೆಯೇ? ಆನ್‌ಲೈನ್ ಮಳಿಗೆಗಳು ಟ್ಯಾಬಿಗೆ ಕೊಡುವ ಬದಲಾವಣೆಯ ಅವಧಿ ಬಹುತೇಕ ಏಳು ದಿನ. ಅದು ಮುಗಿದರೆ ಉಳಿಯುವುದು ವಾರಂಟಿಯ ರಿಪೇರಿ ಮಾತ್ರ. ಹೊಸದಕ್ಕೆ ದುಡ್ಡು ಕೊಟ್ಟವರು ಬಿಚ್ಚಿ ಜೋಡಿಸಿದ್ದನ್ನು ಇಟ್ಟುಕೊಳ್ಳಬೇಕಾಗುತ್ತದೆ.

ಎಲ್ಲರೂ ಎಡವುವುದು ಒಂದೇ ಕಡೆ. ಡಬ್ಬಿ ಬಿಚ್ಚಿದ ಕೂಡಲೇ ಖಾತೆ ಹಾಕಿ, ಹಳೆಯ ಫೋಟೊಗಳನ್ನೆಲ್ಲ ತುಂಬಿಸಿ, ಟೆಂಪರ್ಡ್ ಗ್ಲಾಸ್ ಅಂಟಿಸಿ, ಕವರ್ ತೊಡಿಸಿಬಿಡುತ್ತಾರೆ. ಮೂರನೆಯ ದಿನ ದೋಷ ಕಂಡರೂ ಅಷ್ಟನ್ನೂ ಮತ್ತೆ ಮಾಡಬೇಕಲ್ಲ ಎಂದು ಸುಮ್ಮನಾಗುತ್ತಾರೆ. ಆದ್ದರಿಂದ ಕೆಳಗಿನ ಹಂತಗಳಲ್ಲಿ ಕ್ರಮವನ್ನು ದಯವಿಟ್ಟು ಬದಲಿಸಬೇಡಿ: ಮೊದಲು ಟ್ಯಾಬನ್ನು ಪರೀಕ್ಷಿಸಬೇಕು, ಅದು ಪಾಸಾದ ಮೇಲೆ ನಿಮ್ಮ ಖಾತೆ, ಫೋಟೊ, ಕಡತಗಳು ಅದರೊಳಗೆ ಹೋಗಬೇಕು.

ಕೈಯಲ್ಲಿ ಇರಬೇಕಾದವು

ವಿಡಿಯೊ ತೆಗೆಯಲು ಜಾಗ ಖಾಲಿ ಇರುವ ಫೋನ್, ಅದನ್ನು ಹಿಡಿದುಕೊಳ್ಳಲು ಮನೆಯ ಇನ್ನೊಬ್ಬರು, ಬಿಲ್ಲಿನ ಪ್ರತಿ, ನಂಬಿಕೆಯ ವೈಫೈ, ಮೆತ್ತನೆಯ ಬಟ್ಟೆ, ಸಮತಟ್ಟಾದ ಗಾಜಿನ ಮೇಜು, ಕತ್ತಲೆ ಮಾಡಬಹುದಾದ ಕೋಣೆ. ಸಿಮ್ ಹಾಕುವ ಟ್ಯಾಬ್ ಆಗಿದ್ದರೆ ಚಾಲ್ತಿಯಲ್ಲಿರುವ ಒಂದು ಸಿಮ್. ಬೇರೆ ಯಾವ ಉಪಕರಣವೂ ಬೇಡ.

ಹಂತ 1: ಆರ್ಡರ್ ಮಾಡಿದ ದಿನವೇ ಬದಲಾವಣೆಯ ನಿಯಮವನ್ನು ಓದಿ

ಒಂದೇ ಮಳಿಗೆಯಲ್ಲಿ ಬಟ್ಟೆಗೊಂದು ನಿಯಮ, ಟ್ಯಾಬಿಗೊಂದು ನಿಯಮ ಇರುತ್ತದೆ. ಕೆಲವು ಕಡೆ ಹಣ ಮರಳುತ್ತದೆ. ಕೆಲವು ಕಡೆ ಅದೇ ಮಾದರಿಯ ಇನ್ನೊಂದು ಟ್ಯಾಬ್ ಮಾತ್ರ ಸಿಗುತ್ತದೆ. ಇನ್ನು ಕೆಲವು ಕಡೆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನವರು ದೋಷವಿದೆ ಎಂದು ಬರೆದುಕೊಟ್ಟರೆ ಮಾತ್ರ ಬದಲಾವಣೆ. ನಿಮ್ಮದು ಈ ಕೊನೆಯ ಬಗೆಯಾಗಿದ್ದರೆ ಹತ್ತಿರದ ಅಧಿಕೃತ ಕೇಂದ್ರ ಎಲ್ಲಿದೆ, ಯಾವ ದಿನ ರಜೆ ಎಂಬುದನ್ನು ಈಗಲೇ ಬರೆದಿಟ್ಟುಕೊಳ್ಳಿ. ತಾಲ್ಲೂಕು ಊರಿನವರು ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾಗಬಹುದು. ಏಳರಲ್ಲಿ ಒಂದು ದಿನ ಬಸ್ಸಿನಲ್ಲೇ ಕಳೆಯುತ್ತದೆ.

ಲೆಕ್ಕ ಶುರುವಾಗುವುದು ಪಾರ್ಸೆಲ್ ತಲುಪಿದ ದಿನದಿಂದ, ನೀವು ಡಬ್ಬಿ ತೆರೆದ ದಿನದಿಂದಲ್ಲ. ಮಗಳ ಹುಟ್ಟುಹಬ್ಬಕ್ಕೆಂದು ಹತ್ತು ದಿನ ಮುಂಚೆ ತರಿಸಿ ಬೀರುವಿನಲ್ಲಿ ಮುಚ್ಚಿಡುವವರು ಆ ಅವಧಿಯನ್ನು ಪೂರ್ತಿ ಕಳೆದುಕೊಳ್ಳುತ್ತಾರೆ. ಉಡುಗೊರೆಯಾದರೂ ಮೊದಲು ತೆರೆದು ಪರೀಕ್ಷಿಸಿ, ಮತ್ತೆ ಜೋಡಿಸಿ ಕೊಡಿ.

ಜೊತೆಗೆ ಮಾದರಿಯ ಪೂರ್ತಿ ಹೆಸರನ್ನು ಬರೆದುಕೊಳ್ಳಿ. ಸ್ಯಾಮ್‌ಸಂಗ್ ಟ್ಯಾಬ್ ಎ9 ಎಂದರೆ 8.7 ಇಂಚು, ಎ9 ಪ್ಲಸ್ ಎಂದರೆ 11 ಇಂಚು. ಒಂದರ ಕವರ್ ಇನ್ನೊಂದಕ್ಕೆ ಆಗುವುದಿಲ್ಲ. ಒಂದೇ ಟ್ಯಾಬ್ ‘ವೈಫೈ ಮಾತ್ರ’ ಮತ್ತು ‘ವೈಫೈ ಜೊತೆ 5ಜಿ’ ಎಂದು ಎರಡು ಬಗೆಯಲ್ಲಿ ಬರುತ್ತದೆ, ಮೊದಲನೆಯದಕ್ಕೆ ಸಿಮ್ ಹಾಕಲು ಜಾಗವಿಲ್ಲ. ಪೆನ್ನಿನ ವಿಷಯದಲ್ಲೂ ಹೀಗೆಯೇ. ಟ್ಯಾಬ್ ಎ9ಕ್ಕೆ ಸ್ಯಾಮ್‌ಸಂಗ್‌ನ ಎಸ್ ಪೆನ್ ಕೆಲಸ ಮಾಡುವುದಿಲ್ಲ, ಆ್ಯಪಲ್‌ನ ಪೆನ್ಸಿಲ್ ಪ್ರೊ ಸಾದಾ ಐಪ್ಯಾಡಿಗೆ ಹೊಂದುವುದಿಲ್ಲ. ಪೆನ್, ಕವರ್, ಗ್ಲಾಸ್ ಇವನ್ನು ಟ್ಯಾಬಿನ ಜೊತೆಗೇ ಆರ್ಡರ್ ಮಾಡದೆ ಪರೀಕ್ಷೆ ಮುಗಿಯುವವರೆಗೆ ತಡೆದಿಟ್ಟರೆ ಒಳ್ಳೆಯದು.

ಹಂತ 2: ಕಾಯುವ ದಿನಗಳಲ್ಲಿ ಮಾಡಿಟ್ಟುಕೊಳ್ಳುವ ಕೆಲಸ

ಹೊಸ ಸಾಧನದಲ್ಲಿ ಗೂಗಲ್ ಅಥವಾ ಆ್ಯಪಲ್ ಖಾತೆ ತೆರೆಯುವಾಗ ಪಾಸ್‌ವರ್ಡ್ ಕೇಳುತ್ತದೆ. ಫೋನಿನಲ್ಲಿ ಒಮ್ಮೆ ಹಾಕಿದ ಪಾಸ್‌ವರ್ಡನ್ನು ವರ್ಷಗಟ್ಟಲೆ ಮತ್ತೆ ಹಾಕಿರುವುದಿಲ್ಲವಾದ್ದರಿಂದ ಅನೇಕರು ಅಲ್ಲೇ ನಿಂತುಬಿಡುತ್ತಾರೆ. ಆತುರದಲ್ಲಿ ಹೊಸದೊಂದು ಖಾತೆಯನ್ನೇ ಸೃಷ್ಟಿಸುತ್ತಾರೆ. ಆಮೇಲೆ ಹಳೆಯ ಫೋಟೊಗಳು ಕಾಣುತ್ತಿಲ್ಲ, ದುಡ್ಡು ಕೊಟ್ಟು ಕೊಂಡ ಆ್ಯಪ್ ಸಿಗುತ್ತಿಲ್ಲ ಎನ್ನುತ್ತಾರೆ. ಕಂಪ್ಯೂಟರಿನಲ್ಲೋ ಇನ್ನೊಂದು ಬ್ರೌಸರಿನಲ್ಲೋ ಒಮ್ಮೆ ಖಾತೆ ತೆರೆದು ಪಾಸ್‌ವರ್ಡ್ ನೆನಪಿದೆಯೇ ಎಂದು ನೋಡಿ. ಮರೆತ ಪಾಸ್‌ವರ್ಡನ್ನು ಮರಳಿ ಪಡೆಯಲು ಕೊಟ್ಟಿರುವ ಮೊಬೈಲ್ ಸಂಖ್ಯೆ ಈಗಲೂ ನಿಮ್ಮ ಬಳಿಯಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ರೀಚಾರ್ಜ್ ಮಾಡದೆ ಬಿಟ್ಟ ಸಂಖ್ಯೆ ಅಲ್ಲಿದ್ದರೆ ಇಂದೇ ಬದಲಿಸಿ.

ಹಳೆಯ ಟ್ಯಾಬನ್ನು ವಿನಿಮಯಕ್ಕೆ ಕೊಡುವವರು ಅದರಲ್ಲಿರುವುದನ್ನು ನಕಲು ಮಾಡಿಟ್ಟುಕೊಂಡು, ಖಾತೆಯಿಂದ ಹೊರಬಂದು, ಆಮೇಲೆ ಅಳಿಸಬೇಕು. ಆದರೆ ವಿನಿಮಯಕ್ಕೆ ಕೊಟ್ಟದ್ದು ಮರಳಿ ಬರುವುದಿಲ್ಲ. ಹೊಸದು ಬರುವ ಕ್ಷಣದಲ್ಲೇ ಹಳೆಯದನ್ನು ಒಯ್ಯುತ್ತಾರಾದ್ದರಿಂದ ನಕಲು ಕೆಲಸ ಹಿಂದಿನ ರಾತ್ರಿಯೇ ಮುಗಿದಿರಲಿ.

ಇಂಟರ್ನೆಟ್ ಲೆಕ್ಕವನ್ನೂ ಹಾಕಿ. ಮೊದಲ ದಿನದ ಸಿಸ್ಟಂ ಅಪ್‌ಡೇಟ್ ಮತ್ತು ಆ್ಯಪ್‌ಗಳು ಸೇರಿ ಹಲವು ಜಿಬಿ ಆಗುತ್ತವೆ. ದಿನಕ್ಕೆ 1.5 ಅಥವಾ 2 ಜಿಬಿ ಸಿಗುವ ಪ್ಲಾನಿನ ಹಾಟ್‌ಸ್ಪಾಟ್ ಮಧ್ಯದಲ್ಲೇ ಕುಂಟಲು ಶುರುಮಾಡುತ್ತದೆ. ಮನೆಯಲ್ಲಿ ವೈಫೈ ಇಲ್ಲದವರು ಆ ದಿನಕ್ಕೆ ಹೆಚ್ಚುವರಿ ಡೇಟಾ ಹಾಕಿಸಿಕೊಳ್ಳಲಿ, ಇಲ್ಲವೇ ನೆಂಟರ ಮನೆಯ ವೈಫೈ ಬಳಸಲಿ.

ಹಂತ 3: ಪಾರ್ಸೆಲ್ ಬಾಗಿಲಿಗೆ ಬಂದಾಗ

ಡೆಲಿವರಿ ಮಾಡುವವರ ಮುಂದೆಯೇ ತೆರೆದು ತೋರಿಸುವ ಸೌಲಭ್ಯವಿದ್ದರೆ ಆರ್ಡರ್ ಮಾಡುವಾಗಲೇ ಅದನ್ನು ಆರಿಸಿಕೊಳ್ಳಿ. ಅಂಥ ಡೆಲಿವರಿಯಲ್ಲಿ ಒಟಿಪಿ ಹೇಳುವುದು ಕೊನೆಯ ಕೆಲಸವಾಗಬೇಕು. ಒಟಿಪಿ ಹೇಳಿದಿರಿ ಎಂದರೆ ಸರಿಯಾದ ವಸ್ತು ಸರಿಯಾದ ಸ್ಥಿತಿಯಲ್ಲಿ ತಲುಪಿದೆ ಎಂದು ಒಪ್ಪಿಕೊಂಡಂತೆ. ಅವರಿಗೂ ಗಡಿಬಿಡಿ ಇರುತ್ತದೆ, ನಿಜ. ಆದರೂ ಎರಡು ನಿಮಿಷ ನಿಲ್ಲಲು ಮರ್ಯಾದೆಯಿಂದ ಕೇಳಿ.

ಆ ಸೌಲಭ್ಯ ಇಲ್ಲದಿದ್ದರೆ ವಿಡಿಯೊವೇ ನಿಮ್ಮ ಸಾಕ್ಷಿ. ಒಂದೇ ಓಟದಲ್ಲಿ, ಎಲ್ಲೂ ನಿಲ್ಲಿಸದೆ ಚಿತ್ರೀಕರಿಸಬೇಕು. ಮೊದಲು ಹೊರಗಿನ ಪೊಟ್ಟಣದ ಆರೂ ಬದಿ, ವಿಳಾಸದ ಚೀಟಿ, ಅಂಟುಪಟ್ಟಿ. ನಂತರ ಕತ್ತರಿಸುವುದು, ಒಳಗಿನ ಡಬ್ಬಿಯ ಆರೂ ಬದಿ, ಅದರ ಮುದ್ರೆ, ಸೀರಿಯಲ್ ಸಂಖ್ಯೆ. ಕೊನೆಗೆ ಟ್ಯಾಬನ್ನು ಹೊರತೆಗೆದು ಆನ್ ಮಾಡುವವರೆಗೂ ಕ್ಯಾಮೆರಾ ನಿಲ್ಲಬಾರದು. ಟ್ಯಾಬನ್ನು ಫ್ರೇಮಿನಿಂದ ಆಚೆ ಒಯ್ದು ಮತ್ತೆ ತಂದರೂ ಆ ವಿಡಿಯೊದ ಬೆಲೆ ಹೋಗುತ್ತದೆ.

ಎಚ್ಚರಿಕೆಯ ಲಕ್ಷಣಗಳು: ಅಂಟುಪಟ್ಟಿಯ ಮೇಲೆ ಇನ್ನೊಂದು ಅಂಟುಪಟ್ಟಿ, ಒಳಡಬ್ಬಿಯ ಮುದ್ರೆ ಕಿತ್ತು ಮತ್ತೆ ಅಂಟಿಸಿದ ಗುರುತು, ಅಲುಗಿಸಿದರೆ ಏನೋ ಉರುಳುವ ಸದ್ದು, ತೂಕ ಕಡಿಮೆ ಎನಿಸುವುದು. ಇವು ಕಂಡರೆ ಒಳಗೆ ತರದೆ ಅಲ್ಲೇ ನಿರಾಕರಿಸಿ.

ಹಂತ 4: ಡಬ್ಬಿಯ ಚೀಟಿಯನ್ನು ಓದಿ

ಬಹಳ ಜನ ಇದನ್ನು ಬಿಟ್ಟೇಬಿಡುತ್ತಾರೆ. 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳ ಪ್ರಕಾರ ಡಬ್ಬಿಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ತಯಾರಾದ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ದೂರಿಗೆ ಸಂಪರ್ಕ ವಿವರ ಇರಲೇಬೇಕು. ಇದ್ಯಾವುದೂ ಇಲ್ಲದೆ ಬರೀ ವಿದೇಶಿ ಚೀಟಿ ಇದ್ದರೆ ಅದು ಭಾರತದ ಮಾರಾಟಕ್ಕೆಂದು ಬಂದದ್ದಲ್ಲ. ಇಲ್ಲಿನ ವಾರಂಟಿ ಸಿಗದೆ ಹೋಗಬಹುದು.

ಭಾರತೀಯ ಮಾನಕ ಬ್ಯೂರೊದ ಗುರುತೂ ಇರಬೇಕು. ಟ್ಯಾಬ್‌ಗಳಿಗೆ ಅನ್ವಯಿಸುವ ಮಾನಕದ ಸಂಖ್ಯೆ ಮತ್ತು ಅದರ ಜೊತೆಗೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಬ್ಯೂರೊದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿಯ ಯಾವ ವಸ್ತುವಿಗೆ ಅದನ್ನು ಕೊಟ್ಟಿದ್ದಾರೆ ಎಂದು ತೋರಿಸುತ್ತದೆ.

ಸಿಮ್ ಹಾಕುವ ಟ್ಯಾಬಿಗೆ ಆ ಸಾಧನವನ್ನಷ್ಟೇ ಗುರುತಿಸುವ 15 ಅಂಕಿಯ ಐಎಂಇಐ ಸಂಖ್ಯೆ ಇರುತ್ತದೆ, ವೈಫೈ ಟ್ಯಾಬಿಗೆ ಇರುವುದಿಲ್ಲ. ಇದ್ದರೆ, ಇಂಗ್ಲಿಷಿನ ಕೆ, ವೈ, ಎಂ ಎಂಬ ಮೂರು ಅಕ್ಷರ, ಒಂದು ತೆರವು, ಆಮೇಲೆ ಆ ಸಂಖ್ಯೆ, ಇಷ್ಟನ್ನು ಬರೆದು 14422ಕ್ಕೆ ಎಸ್‌ಎಂಎಸ್ ಕಳಿಸಿ. ಬರುವ ಉತ್ತರದಲ್ಲಿ ನಿಮ್ಮ ಟ್ಯಾಬಿನದೇ ಕಂಪನಿ, ಮಾದರಿ ಇರಬೇಕು. ಡಬ್ಬಿ, ಬಿಲ್, ಟ್ಯಾಬಿನ ಸೆಟ್ಟಿಂಗ್ಸ್ ಮೂರರಲ್ಲೂ ಸಂಖ್ಯೆ ಒಂದೇ ಆಗಿರಬೇಕು. ಬಿಲ್ಲಿನಲ್ಲಿ ಬೇರೆ ಸಂಖ್ಯೆ ಇದ್ದರೆ ಅಂದೇ ತಿದ್ದಿಸಿಕೊಳ್ಳಿ, ವಾರಂಟಿಯ ಹೊತ್ತಿಗೆ ಅದೇ ದೊಡ್ಡ ತೊಡಕಾಗುತ್ತದೆ.

ಹಂತ 5: ಆನ್ ಮಾಡುವ ಮುಂಚೆ ಕಣ್ಣಿನ ಪರೀಕ್ಷೆ

ಪ್ಲಾಸ್ಟಿಕ್ ಹಾಳೆ ತೆಗೆದು ಟ್ಯಾಬನ್ನು ಗಾಜಿನ ಮೇಜಿನ ಮೇಲೆ ಪರದೆ ಮೇಲಾಗಿ ಇಡಿ. ನಾಲ್ಕೂ ಮೂಲೆಗಳನ್ನು ಒಂದೊಂದಾಗಿ ಮೆಲ್ಲಗೆ ಒತ್ತಿ. ಕ್ಯಾಮೆರಾ ಉಬ್ಬಿರುವ ಮೂಲೆಯಲ್ಲಿ ಸ್ವಲ್ಪ ಅಲುಗುವುದು ಸಹಜ. ಉಳಿದ ಕಡೆ ತೊಟ್ಟಿಲಿನಂತೆ ಆಡಿದರೆ ದೇಹ ಬಾಗಿದೆ ಎಂದರ್ಥ. ತೆಳುವಾದ ಲೋಹದ ಟ್ಯಾಬ್‌ಗಳು ಸಾಗಣೆಯಲ್ಲಿ ಬಾಗುವುದುಂಟು, ಇದು ಅಲಕ್ಷಿಸುವ ದೋಷವಲ್ಲ.

ಚಾರ್ಜಿಂಗ್ ಕಿಂಡಿಯೊಳಗೆ ಗೀರುಗಳಿವೆಯೇ ನೋಡಿ. ಹೊಸ ಟ್ಯಾಬಿನ ಕಿಂಡಿ ಸ್ವಚ್ಛವಾಗಿರಬೇಕು. ಪರದೆ ಮತ್ತು ಚೌಕಟ್ಟಿನ ನಡುವೆ ಉಗುರು ಸಿಕ್ಕಿಕೊಳ್ಳುವಷ್ಟು ಸಂದು ಇರಬಾರದು. ಸ್ಪೀಕರ್ ತೂತುಗಳಲ್ಲಿ ಧೂಳು, ಹಿಂಬದಿಯಲ್ಲಿ ಬೆರಳಚ್ಚು ಇದ್ದರೆ ಬೇರೆಯವರು ಬಳಸಿ ಹಿಂದಿರುಗಿಸಿದ್ದು ಇರಬಹುದು.

ಹಂತ 6: ಖಾತೆ ಹಾಕದೆ ಆನ್ ಮಾಡಿ

ಆ್ಯಂಡ್ರಾಯ್ಡ್ ಟ್ಯಾಬಿನಲ್ಲಿ ಗೂಗಲ್ ಖಾತೆ ಕೇಳುವ ಪುಟದಲ್ಲಿ ‘ಸ್ಕಿಪ್’ ಆಯ್ಕೆ ಇರುತ್ತದೆ. ಐಪ್ಯಾಡಿನಲ್ಲಿ ಮೊದಲ ಸಲ ಇಂಟರ್ನೆಟ್ ಬೇಕೇಬೇಕು, ಆದರೆ ಆ್ಯಪಲ್ ಖಾತೆಯನ್ನು ಆಮೇಲೆ ಹಾಕುತ್ತೇನೆ ಎಂದು ಮುಂದೆ ಹೋಗಬಹುದು. ಬೆರಳಚ್ಚು, ಮುಖದ ಗುರುತು, ಪಿನ್ ಯಾವುದನ್ನೂ ಈಗ ಕೊಡಬೇಡಿ.

ಇಲ್ಲಿ ಎರಡು ಗಂಭೀರ ಲಕ್ಷಣಗಳಿವೆ. ಹಿಂದೆ ಬಳಸಿದ ಖಾತೆಯ ಪಾಸ್‌ವರ್ಡ್ ಕೊಡಿ ಎಂದು ಟ್ಯಾಬ್ ಕೇಳಿದರೆ, ಅಥವಾ ಈ ಸಾಧನವನ್ನು ಯಾವುದೋ ಸಂಸ್ಥೆ ನಿರ್ವಹಿಸುತ್ತಿದೆ ಎಂಬ ಸಂದೇಶ ಬಂದರೆ, ಅದು ಹೊಸ ಟ್ಯಾಬ್ ಅಲ್ಲ. ಫೋಟೊ ತೆಗೆದುಕೊಂಡು ಅಲ್ಲಿಗೇ ನಿಲ್ಲಿಸಿ. ಬೀಗ ತೆಗೆಸಿಕೊಡುತ್ತೇವೆ ಎನ್ನುವವರ ಬಳಿ ಒಯ್ಯಬೇಡಿ, ವಾಪಸ್ ಮಾಡಿ.

ಸೆಟ್ಟಿಂಗ್ಸ್‌ನಲ್ಲಿ ಟ್ಯಾಬಿನ ಬಗ್ಗೆ ಇರುವ ಪುಟ ತೆರೆದು ಮಾದರಿ, ರ‍್ಯಾಮ್, ಸಂಗ್ರಹ ಸಾಮರ್ಥ್ಯ ಹೋಲಿಸಿ. 128 ಜಿಬಿಯಲ್ಲಿ ಪೂರ್ತಿ 128 ಖಾಲಿ ಇರುವುದಿಲ್ಲ. ಸಿಸ್ಟಂಗೆ ಒಂದಷ್ಟು ಹೋಗುತ್ತದೆ. ಲೆಕ್ಕ ಹಾಕುವ ಪದ್ಧತಿಯ ವ್ಯತ್ಯಾಸದಿಂದ ಕೆಲವೆಡೆ ಒಟ್ಟು 119 ಎಂದೇ ಕಾಣಬಹುದು. ಇದು ದೋಷವಲ್ಲ. ರ‍್ಯಾಮ್ ವಿಷಯದಲ್ಲಿ ಮಾತ್ರ ಎಚ್ಚರ: ‘4+4’ ಎಂದು ಬರೆದಿದ್ದರೆ ನಿಜವಾದ ರ‍್ಯಾಮ್ 4 ಜಿಬಿ, ಉಳಿದದ್ದು ಸಂಗ್ರಹದಿಂದ ಎರವಲು ಪಡೆದದ್ದು, ಅದರ ವೇಗ ತೀರಾ ಕಡಿಮೆ.

ಐಪ್ಯಾಡ್ ಕೊಂಡವರು ಮಾದರಿ ಸಂಖ್ಯೆಯ ಮೊದಲ ಅಕ್ಷರವನ್ನು ನೋಡಬೇಕು. ಎಂ ಎಂದಿದ್ದರೆ ಹೊಸದಾಗಿ ಮಾರಿದ್ದು, ಎಫ್ ಎಂದರೆ ನವೀಕರಿಸಿದ್ದು, ಎನ್ ಎಂದರೆ ಸರ್ವಿಸ್‌ನಲ್ಲಿ ಬದಲಿಯಾಗಿ ಕೊಟ್ಟದ್ದು. ಆ್ಯಪಲ್‌ನ ವಾರಂಟಿ ಪರಿಶೀಲನೆಯ ಪುಟದಲ್ಲಿ ಸೀರಿಯಲ್ ಸಂಖ್ಯೆ ಹಾಕಿದಾಗ ವಾರಂಟಿ ತಿಂಗಳುಗಳ ಹಿಂದೆಯೇ ಶುರುವಾಗಿದೆ ಎಂದು ಕಂಡರೆ ಮಾರಿದವರನ್ನು ಕೇಳಲೇಬೇಕು.

ಹಂತ 7: ಪರದೆ, ಅತಿ ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ

ಟ್ಯಾಬ್ ಎಂದರೆ ಮುಕ್ಕಾಲು ಪಾಲು ಪರದೆಯೇ. ಪರದೆ ಸರಿಯಿಲ್ಲದ ಟ್ಯಾಬನ್ನು ಇಟ್ಟುಕೊಳ್ಳಲು ಯಾವ ಕಾರಣವೂ ಇಲ್ಲ.

ಬ್ರೌಸರಿನಲ್ಲಿ ‘ಡೆಡ್ ಪಿಕ್ಸೆಲ್ ಟೆಸ್ಟ್’ ಎಂದು ಹುಡುಕಿದರೆ ಪರದೆ ತುಂಬ ಒಂದೇ ಬಣ್ಣ ತೋರಿಸುವ ಪುಟಗಳು ಸಿಗುತ್ತವೆ. ಪ್ರಕಾಶವನ್ನು ಪೂರ್ತಿ ಏರಿಸಿ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಂದೊಂದಾಗಿ ನೋಡಿ. ಬಿಳಿಯಲ್ಲಿ ಕಪ್ಪು ಚುಕ್ಕೆ ಕಂಡರೆ ಅಲ್ಲಿನ ಪಿಕ್ಸೆಲ್ (ಚಿತ್ರ ಮೂಡಿಸುವ ಅತಿ ಸಣ್ಣ ಬಿಂದು) ಸತ್ತಿದೆ. ಕಪ್ಪಿನಲ್ಲಿ ಬಣ್ಣದ ಚುಕ್ಕೆ ಹೊಳೆದರೆ ಅದು ಒಂದೇ ಬಣ್ಣದಲ್ಲಿ ಸಿಕ್ಕಿಕೊಂಡಿದೆ. ಧೂಳಿನ ಕಣವೂ ಹಾಗೆಯೇ ಕಾಣುವುದರಿಂದ ಮೊದಲು ಬಟ್ಟೆಯಿಂದ ಒರೆಸಿ. ಒಂದೇ ಒಂದು ಚುಕ್ಕೆಯನ್ನು ಕೆಲವು ಕಂಪನಿಗಳು ವಾರಂಟಿಯಲ್ಲಿ ದೋಷವೆಂದು ಒಪ್ಪುವುದಿಲ್ಲ. ಬದಲಾವಣೆಯ ಅವಧಿಯೊಳಗೆ ಕಂಡುಹಿಡಿಯಬೇಕು ಎನ್ನುವುದು ಇದಕ್ಕಾಗಿಯೇ.

ಈಗ ಕೋಣೆಯನ್ನು ಕತ್ತಲೆ ಮಾಡಿ ಕಪ್ಪು ಚಿತ್ರ ಹಾಕಿ. ಎಲ್‌ಸಿಡಿ ಪರದೆಗಳಲ್ಲಿ ಅಂಚಿನಿಂದ ಸ್ವಲ್ಪ ಬೆಳಕು ಸೋರುವುದು, ಓರೆಯಾಗಿ ನೋಡಿದಾಗ ಮಸುಕು ಹೊಳಪು ಕಾಣುವುದು ಸಾಮಾನ್ಯ. ಒಂದು ಮೂಲೆಯಲ್ಲಿ ಮಾತ್ರ ಟಾರ್ಚ್ ಬಿಟ್ಟಂತೆ ಹಳದಿ ಪಟ್ಟೆ ಬಿದ್ದರೆ, ಅದು ಸಿನಿಮಾ ನೋಡುವಾಗಲೂ ಕಾಣುವಂತಿದ್ದರೆ, ಬದಲಿಸಿಕೊಳ್ಳಿ.

ಸ್ಪರ್ಶದ ಪರೀಕ್ಷೆಗೆ ಒಂದು ಆ್ಯಪ್ ಐಕಾನನ್ನು ಒತ್ತಿ ಹಿಡಿದು ಪರದೆಯ ಮೂಲೆಮೂಲೆಗೂ ನಿಧಾನವಾಗಿ ಎಳೆಯಿರಿ. ಎಲ್ಲಾದರೂ ಅದು ಕೈಬಿಟ್ಟು ಹೋದರೆ ಅದೇ ಜಾಗದಲ್ಲಿ ಮತ್ತೆ ಎಳೆದು ನೋಡಿ. ಆ್ಯಂಡ್ರಾಯ್ಡ್‌ನಲ್ಲಿ ಇನ್ನೂ ಚೆನ್ನಾದ ದಾರಿಯಿದೆ: ಸೆಟ್ಟಿಂಗ್ಸ್‌ನಲ್ಲಿ ಟ್ಯಾಬಿನ ಬಗ್ಗೆ ಇರುವ ಪುಟದೊಳಗಿನ ಬಿಲ್ಡ್ ನಂಬರ್ ಮೇಲೆ ಏಳು ಬಾರಿ ತಟ್ಟಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅಲ್ಲಿ ‘ಪಾಯಿಂಟರ್ ಲೊಕೇಶನ್’ ಹಾಕಿದರೆ ಬೆರಳು ಹೋದ ಜಾಡು ಗೆರೆಯಾಗಿ ಕಾಣುತ್ತದೆ. ಅಡ್ಡ, ಉದ್ದ ಗೆರೆ ಎಳೆದು ಎಲ್ಲಿ ತುಂಡಾಗುತ್ತದೆ ನೋಡಿ. ಕೆಲಸ ಮುಗಿದ ಮೇಲೆ ಆ ಆಯ್ಕೆಗಳನ್ನು ಆಫ್ ಮಾಡಲು ಮರೆಯಬೇಡಿ, ಕೆಲವು ಬ್ಯಾಂಕ್ ಆ್ಯಪ್‌ಗಳು ಅವು ತೆರೆದಿದ್ದರೆ ಕೆಲಸ ಮಾಡುವುದಿಲ್ಲ.

ಇದೇ ಪರೀಕ್ಷೆಯನ್ನು ಚಾರ್ಜಿಗೆ ಹಾಕಿ ಇನ್ನೊಮ್ಮೆ ಮಾಡಬೇಕು. ಮುಟ್ಟದಿದ್ದರೂ ತಾನಾಗಿ ಒತ್ತಿಕೊಳ್ಳುವುದು ಚಾರ್ಜ್ ಆಗುವಾಗ ಮಾತ್ರ ಕಂಡರೆ ತಪ್ಪು ಚಾರ್ಜರಿನದೇ ಇರಬಹುದು. ಬೇರೆ ಒಳ್ಳೆಯ ಚಾರ್ಜರಿನಲ್ಲಿ ನೋಡಿ. ಚಾರ್ಜ್ ತೆಗೆದರೂ ಹಾಗೆಯೇ ಆದರೆ ಪರದೆಯದೇ ದೋಷ.

ಹಂತ 8: ಧ್ವನಿ, ಕ್ಯಾಮೆರಾ, ಸಂಪರ್ಕ

ಸ್ಯಾಮ್‌ಸಂಗ್ ಕೊಂಡವರಿಗೆ ಸ್ಯಾಮ್‌ಸಂಗ್ ಮೆಂಬರ್ಸ್ ಆ್ಯಪ್‌ನಲ್ಲೇ ಬಿಡಿಬಿಡಿ ಪರೀಕ್ಷೆಗಳಿವೆ. ಉಳಿದವರು ಕೈಯಾರೆ ಮಾಡಬೇಕು. ಎಡ–ಬಲ ಸ್ಪೀಕರ್ ಪರೀಕ್ಷಿಸುವ ವಿಡಿಯೊ ಹಾಕಿ, ಧ್ವನಿ ಪೂರ್ತಿ ಏರಿಸಿ ಪ್ರತಿ ಸ್ಪೀಕರಿಗೂ ಕಿವಿ ಕೊಡಿ. ಎರಡು ಕ್ಯಾಮೆರಾಗಳಲ್ಲೂ ಒಂದೊಂದು ವಿಡಿಯೊ ತೆಗೆದು ಮರಳಿ ಕೇಳಿದರೆ ಮೈಕ್ ಪರೀಕ್ಷೆಯೂ ಆದಂತೆ. ರೂಟರ್ ಇರುವ ಕೋಣೆಯಲ್ಲಿ ಒಮ್ಮೆ, ನೀವು ನಿತ್ಯ ಕುಳಿತುಕೊಳ್ಳುವ ಜಾಗದಲ್ಲಿ ಒಮ್ಮೆ ವೈಫೈ ನೋಡಿ. ಹಲವು ಅಗ್ಗದ ಟ್ಯಾಬ್‌ಗಳಲ್ಲಿ ದಿಕ್ಸೂಚಿ, ಗೈರೊಸ್ಕೋಪ್ (ಟ್ಯಾಬ್ ತಿರುಗಿದ್ದನ್ನು ಗುರುತಿಸುವ ಭಾಗ) ಇರುವುದೇ ಇಲ್ಲ. ವೈಫೈ ಮಾತ್ರ ಇರುವ ಐಪ್ಯಾಡಿನಲ್ಲಿ ಜಿಪಿಎಸ್ ಇಲ್ಲ. ಇವನ್ನು ದೋಷವೆಂದು ದೂರುವ ಮೊದಲು ಮಾದರಿಯ ವಿವರಪಟ್ಟಿಯನ್ನು ನೋಡಿಕೊಳ್ಳಿ.

ಸಿಮ್ ಟ್ಯಾಬ್ ಎಂದರೆ ಕರೆ ಮಾಡಬಹುದು ಎಂದೇನಿಲ್ಲ. ಐಪ್ಯಾಡಿನ ಸಿಮ್‌ನಿಂದ ಸಾಮಾನ್ಯ ಫೋನ್ ಕರೆ ಹೋಗುವುದಿಲ್ಲ, ಡೇಟಾ ಮಾತ್ರ.

ಸಿನಿಮಾ ನೋಡಲೆಂದು ಕೊಂಡವರು ಮುಂದೆ ಖಾತೆ ಹಾಕಿದ ದಿನವೇ ಇನ್ನೊಂದು ಪರೀಕ್ಷೆ ಮಾಡಬೇಕು. ಚಿತ್ರಗಳ ನಕಲು ತಡೆಯುವ ವೈಡ್‌ವೈನ್ ಎಂಬ ವ್ಯವಸ್ಥೆ ಆ್ಯಂಡ್ರಾಯ್ಡ್‌ನಲ್ಲಿದೆ. ಟ್ಯಾಬ್ ಅದರ ಎಲ್1 ದರ್ಜೆಯಲ್ಲಿದ್ದರೆ ಎಚ್‌ಡಿ ಚಿತ್ರ ಬರುತ್ತದೆ. ಎಲ್3 ಆಗಿದ್ದರೆ ಪರದೆ ಎಷ್ಟೇ ಚೆನ್ನಾಗಿದ್ದರೂ ಹಲವು ಸೇವೆಗಳಲ್ಲಿ ಮಸುಕು ಚಿತ್ರವೇ ಗತಿ. ನೆಟ್‌ಫ್ಲಿಕ್ಸ್ ಆ್ಯಪ್‌ನ ಸೆಟ್ಟಿಂಗ್‌ಗಳಲ್ಲಿ ‘ಪ್ಲೇಬ್ಯಾಕ್ ಸ್ಪೆಸಿಫಿಕೇಶನ್’ ಎಂಬಲ್ಲಿ ಇದು ಬರೆದಿರುತ್ತದೆ. ಹಾಗೆಯೇ ಪ್ಲೇ ಸ್ಟೋರ್‌ನ ಸೆಟ್ಟಿಂಗ್‌ಗಳ ಕೊನೆಯಲ್ಲಿ ಸಾಧನ ‘ಸರ್ಟಿಫೈಡ್’ ಎಂದು ತೋರಿಸಬೇಕು. ಇಲ್ಲವಾದರೆ ಅದು ಗೂಗಲ್ ಮಾನ್ಯ ಮಾಡಿದ ಟ್ಯಾಬ್ ಅಲ್ಲ.

ಹಂತ 9: ಚಾರ್ಜ್ ಮತ್ತು ಬಿಸಿ

ಮೊದಲ ಸಲ ಎಂಟು ಗಂಟೆ ಚಾರ್ಜ್ ಮಾಡಲೇಬೇಕು ಎಂಬ ಮಾತು ಹಳೆಯ ನಿಕಲ್ ಬ್ಯಾಟರಿಗಳ ಕಾಲದ್ದು. ಈಗಿನ ಲಿಥಿಯಂ ಬ್ಯಾಟರಿಗೆ ಅದರ ಅಗತ್ಯವಿಲ್ಲ. ಅರ್ಧ ಚಾರ್ಜ್ ಇದ್ದರೂ ಪರೀಕ್ಷೆ ಶುರುಮಾಡಬಹುದು.

ನಿಧಾನ ಚಾರ್ಜಿನ ದೂರುಗಳಲ್ಲಿ ಬಹಳಷ್ಟು ಲೆಕ್ಕ ತಿಳಿಯದೆ ಬಂದವು. 8,000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 31 ವ್ಯಾಟ್‌ಗಂಟೆಯಷ್ಟು ಶಕ್ತಿ ಹಿಡಿಯುತ್ತದೆ. 15 ವ್ಯಾಟ್ ಚಾರ್ಜರಿಗೆ ಸೋರಿಕೆಯೆಲ್ಲ ಸೇರಿ ಮೂರು ಗಂಟೆ ಹತ್ತಿರ ಬೇಕು. ಹಳೆಯ ಫೋನಿನ 5 ವ್ಯಾಟ್ ಚಾರ್ಜರಿಗೆ ಏಳೆಂಟು ಗಂಟೆಯಾದರೂ ಆಶ್ಚರ್ಯವಿಲ್ಲ. ಶೇಕಡ 80 ದಾಟಿದ ಮೇಲೆ ವೇಗ ಇಳಿಯುವುದು ಬ್ಯಾಟರಿಯ ರಕ್ಷಣೆಗಾಗಿ. ಡಬ್ಬಿಯಲ್ಲಿ ಚಾರ್ಜರ್ ಇಲ್ಲದಿದ್ದರೆ ಟ್ಯಾಬ್ ಎಷ್ಟು ವ್ಯಾಟ್ ತೆಗೆದುಕೊಳ್ಳುತ್ತದೆ ಎಂದು ನೋಡಿ ಅಷ್ಟರದ್ದನ್ನೇ ಕೊಳ್ಳಿ.

ಎರಡು ಪಿನ್ನಿನ ಚಾರ್ಜರ್ ಹಾಕಿದಾಗ ಲೋಹದ ಹಿಂಬದಿಯಲ್ಲಿ ನವಿರಾಗಿ ಜುಮ್ಮೆನ್ನುವುದು ನಮ್ಮ ಮನೆಗಳಲ್ಲಿ ಆಗಾಗ ಅನುಭವಕ್ಕೆ ಬರುತ್ತದೆ. ಇದು ಚಾರ್ಜರಿನೊಳಗಿನಿಂದ ಅತಿ ಸಣ್ಣ ಪ್ರಮಾಣದಲ್ಲಿ ಹಾಯುವ ವಿದ್ಯುತ್ತು. ಕೈ ಹಿಂದಕ್ಕೆಳೆಯುವಂತೆ ಹೊಡೆದರೆ ಮಾತ್ರ ಆ ಚಾರ್ಜರನ್ನು ಮತ್ತೆ ಮುಟ್ಟಬೇಡಿ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಚಾರ್ಜಿನಲ್ಲಿರುವ ಟ್ಯಾಬನ್ನು ಮಕ್ಕಳು ಹಿಡಿಯದಂತೆ ನೋಡಿಕೊಳ್ಳಿ.

ಬೆಚ್ಚಗಾಗುವುದು ಸಹಜ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ, ಸುಟ್ಟ ವಾಸನೆ, ಹಿಂಬದಿಯ ಉಬ್ಬು, ಪರದೆ ಒಂದು ಕಡೆ ಏಳುವುದು, ಇವುಗಳಲ್ಲಿ ಒಂದು ಕಂಡರೂ ಪ್ಲಗ್ ತೆಗೆದು, ಸ್ವಿಚ್ ಆಫ್ ಮಾಡಿ, ಬೆಂಕಿ ಹಿಡಿಯುವ ವಸ್ತುಗಳಿಂದ ದೂರ ಇಟ್ಟು ಕಂಪನಿಗೆ ತಿಳಿಸಿ.

ಹಂತ 10: ಅಪ್‌ಡೇಟ್, ರೀಸೆಟ್, ಆಮೇಲೆ ಖಾತೆ

ಇಲ್ಲಿಯವರೆಗೆ ಎಲ್ಲವೂ ಸರಿಯಿದ್ದರೆ ಸಿಸ್ಟಂ ಅಪ್‌ಡೇಟ್ ಹಾಕಿ. ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇರಲಿ, ಏಕೆಂದರೆ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಒಂದು ಅಪ್‌ಡೇಟ್ ಮುಗಿದ ಮೇಲೆ ಇನ್ನೊಂದು ಬರಬಹುದು, ಏನೂ ಬಾಕಿಯಿಲ್ಲ ಎನ್ನುವವರೆಗೆ ಮತ್ತೆ ಮತ್ತೆ ನೋಡಿ. ನಂತರ ಸ್ಪರ್ಶ ಮತ್ತು ವೈಫೈ ಪರೀಕ್ಷೆಯನ್ನು ಚುಟುಕಾಗಿ ಮಾಡಿ.

ಈಗ ಸೆಟ್ಟಿಂಗ್ಸ್ ಒಳಗಿನಿಂದಲೇ ಫ್ಯಾಕ್ಟರಿ ರೀಸೆಟ್ ಮಾಡಿ, ಅಂದರೆ ಎಲ್ಲವನ್ನೂ ಅಳಿಸಿ ಹೊಸದರಂತೆ ಮಾಡಿ. ಇದು ವ್ಯರ್ಥ ಕೆಲಸವೆನಿಸಬಹುದು. ಆದರೆ ಹಳೆಯ ಸಾಧನದಿಂದ ಎಲ್ಲವನ್ನೂ ತರುವ ಸುಲಭದ ದಾರಿ ಮೊದಲ ಸಿದ್ಧತೆಯ ಪುಟಗಳಲ್ಲೇ ಇರುತ್ತದೆ. ಐಪ್ಯಾಡಿನಲ್ಲಂತೂ ಐಕ್ಲೌಡ್‌ನಲ್ಲಿಟ್ಟ ನಕಲನ್ನು ಮರಳಿ ತರಬೇಕಾದರೆ ಟ್ಯಾಬ್ ಖಾಲಿಯಾಗಿರಬೇಕು. ಹಾಗಾಗಿ ಪರೀಕ್ಷೆಗೆ ಒಮ್ಮೆ, ಬಳಕೆಗೆ ಒಮ್ಮೆ, ಎರಡು ಸಲ ಶುರುಮಾಡುವುದೇ ಸರಿಯಾದ ಕ್ರಮ. ಈ ಬಾರಿ ಖಾತೆ ಹಾಕಿ, ಪಿನ್ ಇಡಿ, ಟ್ಯಾಬ್ ಕಳೆದುಹೋದರೆ ಹುಡುಕುವ ಸೌಲಭ್ಯವನ್ನು ಆನ್ ಮಾಡಿ. ಮಕ್ಕಳಿಗಾದರೆ ನಿಮ್ಮ ಖಾತೆಯನ್ನೇ ಕೊಡದೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಮೂಲಕ ಅವರಿಗೊಂದು ಖಾತೆ ಮಾಡಿ. ದುಡ್ಡು ಕಳೆದುಕೊಂಡ ದೂರುಗಳು ಶುರುವಾಗುವುದೇ ಅಪ್ಪನ ಖಾತೆಯಲ್ಲಿ ಮಗ ಆಟ ಆಡುವುದರಿಂದ.

ಹಂತ 11: ಕನ್ನಡ ಸರಿಯಾಗಿ ಮೂಡುತ್ತಿದೆಯೇ?

ಆ್ಯಂಡ್ರಾಯ್ಡ್‌ನ ಜಿಬೋರ್ಡ್‌ನಲ್ಲಿ ಕನ್ನಡಕ್ಕೆ ನೇರ ಕೀಲಿಮಣೆ, ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಲಿಪ್ಯಂತರ, ಬೆರಳಿನಿಂದ ಬರೆಯುವ ಕೈಬರಹ ಮೂರೂ ಇವೆ. ದೊಡ್ಡ ಪರದೆಯಲ್ಲಿ ಕೈಬರಹ ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ. ಟೈಪಿಂಗ್ ಅಭ್ಯಾಸವಿಲ್ಲದ ಹಿರಿಯರಿಗೆ ಅದನ್ನೇ ಹಾಕಿಕೊಡಿ. ಮಾತನಾಡಿ ಬರೆಸುವ ಸೌಲಭ್ಯ ಕನ್ನಡಕ್ಕೆ 2017ರಿಂದ ಇದೆ. ಐಪ್ಯಾಡಿನಲ್ಲೂ ಕನ್ನಡ ಕೀಲಿಮಣೆ ಒಳಗೇ ಇರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಸೇರಿಸಿಕೊಳ್ಳಬೇಕು ಅಷ್ಟೇ.

ಪರೀಕ್ಷೆಗೆ ರಾಷ್ಟ್ರ, ಸ್ತ್ರೀ, ಸೂರ್ಯ, ವೈಶಿಷ್ಟ್ಯ, ರ‍್ಯಾಂಕ್ ಈ ಪದಗಳನ್ನು ಬರೆಯಿರಿ. ಒತ್ತಕ್ಷರ ಬಿಡಿಬಿಡಿಯಾಗಿ ನಿಂತರೆ, ಅರ್ಕಾವತ್ತು ತಪ್ಪು ಜಾಗದಲ್ಲಿ ಬಂದರೆ ಬೇರೆ ಆ್ಯಪ್‌ನಲ್ಲೂ ಬರೆದು ನೋಡಿ. ಒಂದೇ ಆ್ಯಪ್‌ನಲ್ಲಿ ಕೆಟ್ಟರೆ ತಪ್ಪು ಆ ಆ್ಯಪ್‌ನದು.

ಶಾಲಾ ಮಕ್ಕಳಿರುವ ಮನೆಯವರು ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಿಂದ ಒಂದು ಪಠ್ಯಪುಸ್ತಕದ ಪಿಡಿಎಫ್ ಇಳಿಸಿ ತೆರೆಯಲಿ. ಪುಟ ತಿರುವುವಾಗ ಎಷ್ಟು ತಡೆಯುತ್ತದೆ, ಎರಡು ಪುಟ ಒಟ್ಟಿಗೆ ಓದಲಾಗುತ್ತದೆಯೇ ಎಂದು ಆಗ ತಿಳಿಯುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಸಿದ್ಧಪಡಿಸಿದ ವರ್ಡ್ ಕಡತಗಳನ್ನು ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ ಟ್ಯಾಬನ್ನು ದೂರಬೇಡಿ. ಆ ಕಡತ ಈಗಿನ ಸಾಧನಗಳೆಲ್ಲ ಓದುವ ಯೂನಿಕೋಡ್ ಎಂಬ ಅಕ್ಷರ ಪದ್ಧತಿಯಲ್ಲಿಲ್ಲ, ಪರಿವರ್ತಕದಲ್ಲಿ ಹಾಕಿ ಬದಲಿಸಬೇಕು.

ಹಂತ 12: ವಾಟ್ಸ್‌ಆ್ಯಪ್ ಮತ್ತು ಯುಪಿಐ

ಫೋನಿನ ಸಂಖ್ಯೆಯನ್ನೇ ಟ್ಯಾಬಿನಲ್ಲಿ ಹೊಸದಾಗಿ ನೋಂದಾಯಿಸಿದರೆ ಫೋನಿನ ವಾಟ್ಸ್‌ಆ್ಯಪ್ ಮುಚ್ಚಿಹೋಗುತ್ತದೆ. ಹೀಗೆ ಮಾಡಿ ಹರಟೆಗಳನ್ನು ಕಳೆದುಕೊಂಡವರು ಅನೇಕರು. ಟ್ಯಾಬಿನಲ್ಲಿ ಕಾಣುವ ಕ್ಯೂಆರ್ ಸಂಕೇತವನ್ನು ಫೋನಿನ ‘ಲಿಂಕ್ಡ್ ಡಿವೈಸಸ್’ ಮೂಲಕ ಸ್ಕ್ಯಾನ್ ಮಾಡಿ, ಎರಡರಲ್ಲೂ ಒಂದೇ ಖಾತೆ ನಡೆಯುತ್ತದೆ. ಐಪ್ಯಾಡಿಗೂ 2025ರ ಮೇ ತಿಂಗಳಿಂದ ಪ್ರತ್ಯೇಕ ವಾಟ್ಸ್‌ಆ್ಯಪ್ ಬಂದಿದೆ. ಫೋನನ್ನು 14 ದಿನ ಬಳಸದೆ ಬಿಟ್ಟರೆ ಜೋಡಣೆ ಕಡಿಯುತ್ತದೆ. ಯುಪಿಐ ಮಾತ್ರ ಫೋನಿನಲ್ಲೇ ಇರಲಿ. ಅದು ಸಾಧನದೊಳಗಿನ ಸಿಮ್‌ನಿಂದ ಎಸ್‌ಎಂಎಸ್ ಕಳಿಸಿ ಗುರುತು ಹಚ್ಚುವುದರಿಂದ ವೈಫೈ ಟ್ಯಾಬಿನಲ್ಲಿ ಆಗುವುದಿಲ್ಲ.

ಹಂತ 13: ಮೂರನೆಯ ದಿನದಿಂದ ಐದನೆಯ ದಿನದವರೆಗೆ

ಮೊದಲೆರಡು ದಿನ ಬ್ಯಾಟರಿ ಬೇಗ ಇಳಿಯುತ್ತದೆ. ಒಳಗೆ ಫೋಟೊಗಳು ಇಳಿಯುತ್ತಿರುತ್ತವೆ, ಆ್ಯಪ್‌ಗಳು ಅಪ್‌ಡೇಟ್ ಆಗುತ್ತಿರುತ್ತವೆ. ಆಗ ತೀರ್ಪು ಕೊಡಬೇಡಿ. ಮೂರನೆಯ ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಪರದೆ ಆರಿಸಿ, ಬೆಳಗ್ಗೆ ನೋಡಿ. ಶೇಕಡ ಲೆಕ್ಕದಲ್ಲಿ ಒಂದಂಕಿಯೊಳಗಿನ ಇಳಿಕೆ ಸಾಮಾನ್ಯ. ಇಪ್ಪತ್ತು ದಾಟಿದರೆ ಯಾವ ಆ್ಯಪ್ ತಿನ್ನುತ್ತಿದೆ ಎಂದು ಬ್ಯಾಟರಿ ಪುಟದಲ್ಲಿ ಹುಡುಕಿ ಅದನ್ನು ತೆಗೆದು ಮರುರಾತ್ರಿ ಮತ್ತೆ ನೋಡಿ. ಈ ದಿನಗಳಲ್ಲಿ ನೀವು ಯಾವುದಕ್ಕಾಗಿ ಕೊಂಡಿರೋ ಅದನ್ನೇ ಮಾಡಿ: ಒಂದು ಗಂಟೆಯ ಆನ್‌ಲೈನ್ ತರಗತಿ, ಒಂದು ಸಿನಿಮಾ, ಓದು, ಟಿಪ್ಪಣಿ. ಬಿಸಿ, ತಾನಾಗಿ ಮರುಚಾಲನೆ, ವೈಫೈ ಕಡಿಯುವುದು ಇವೆಲ್ಲ ದೀರ್ಘ ಬಳಕೆಯಲ್ಲೇ ಹೊರಬರುತ್ತವೆ. ಐದನೆಯ ದಿನ ಎಲ್ಲವೂ ಸರಿ ಎನಿಸಿದ ಮೇಲೆ ಟೆಂಪರ್ಡ್ ಗ್ಲಾಸ್ ಅಂಟಿಸಬಹುದು. ಡಬ್ಬಿ ಮತ್ತು ಬಿಲ್ ಮಾತ್ರ ವಾರಂಟಿ ಮುಗಿಯುವವರೆಗೆ ಇಟ್ಟಿರಬೇಕು.

ಹಂತ 14: ದೋಷ ಕಂಡರೆ

ಅಂದೇ ಮಳಿಗೆಯ ಆ್ಯಪ್‌ನಲ್ಲಿ ದೂರು ದಾಖಲಿಸಿ, ಆರನೆಯ ದಿನದವರೆಗೆ ಕಾಯಬೇಡಿ. ಫೋನಿನಲ್ಲಿ ಮಾತನಾಡಿದ್ದಕ್ಕೆ ದಾಖಲೆ ಉಳಿಯುವುದಿಲ್ಲ. ಆ್ಯಪ್‌ನ ಚಾಟ್ ಅಥವಾ ಇಮೇಲ್ ಬಳಸಿ. ‘ಟ್ಯಾಬ್ ಸರಿಯಿಲ್ಲ’ ಎಂದು ಬರೆದರೆ ಸಾಲದು. ‘ಕಪ್ಪು ಹಿನ್ನೆಲೆಯಲ್ಲಿ ಪರದೆಯ ಎಡಕೆಳ ಮೂಲೆಯಲ್ಲಿ ಹಸಿರು ಚುಕ್ಕೆ, ಮರುಚಾಲನೆ ಮಾಡಿದರೂ ಹೋಗಿಲ್ಲ, ವಿಡಿಯೊ ಲಗತ್ತಿಸಿದೆ’ ಎಂಬಷ್ಟು ಖಚಿತವಾಗಿ ಬರೆಯಿರಿ. ದೂರಿನ ಸಂಖ್ಯೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಸರ್ವಿಸ್ ಸೆಂಟರ್‌ಗೆ ಕಳಿಸಿದರೆ ಅಲ್ಲಿ ಕೊಡುವ ಜಾಬ್ ಶೀಟ್ (ನಿಮ್ಮ ಟ್ಯಾಬ್, ದೂರು ದಾಖಲಾದ ಚೀಟಿ) ಇಲ್ಲದೆ ಹೊರಬರಬೇಡಿ. ರಿಪೇರಿ ಮಾಡಿಕೊಡುತ್ತೇವೆ ಎಂದರೆ, ಬದಲಾವಣೆಯ ಅವಧಿಯೊಳಗಿದ್ದೀರಿ, ದೋಷದ ಪ್ರಮಾಣಪತ್ರ ಬೇಕು ಎಂದು ಸೌಜನ್ಯದಿಂದಲೇ ಹೇಳಿ. ಟ್ಯಾಬನ್ನು ಬಿಚ್ಚಲು ಒಪ್ಪಿಗೆ ಕೊಟ್ಟು ಸಹಿ ಮಾಡಿದರೆ ಬದಲಾವಣೆಯ ದಾರಿ ಮುಚ್ಚಿಹೋಗಬಹುದು, ಆದ್ದರಿಂದ ಸಹಿಗೆ ಮುಂಚೆ ಓದಿ. ಎಲ್ಲೂ ಉತ್ತರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915ಕ್ಕೆ ಕರೆ ಮಾಡಿ. ಅಲ್ಲಿ ಬಿಲ್ಲಿನ ವಿವರ ಮತ್ತು ದೂರಿನ ಸಂಖ್ಯೆ ಕೇಳುತ್ತಾರೆ.

ಟ್ಯಾಬನ್ನು ಹಿಂದಿರುಗಿಸುವ ಮುನ್ನ ವಾಟ್ಸ್‌ಆ್ಯಪ್ ಜೋಡಣೆಯನ್ನು ಫೋನಿನಿಂದ ತೆಗೆದುಹಾಕಿ. ಸಿಮ್, ಮೆಮೊರಿ ಕಾರ್ಡ್ ಹೊರತೆಗೆಯಿರಿ. ಖಾತೆಗಳಿಂದ ಹೊರಬಂದು, ಐಪ್ಯಾಡ್ ಆದರೆ ‘ಫೈಂಡ್ ಮೈ’ ಎಂಬ ಹುಡುಕುವ ಸೌಲಭ್ಯವನ್ನು ಆಫ್ ಮಾಡಿ, ನಂತರ ರೀಸೆಟ್ ಮಾಡಿ. ಖಾತೆಯ ಬೀಗ ಉಳಿದ ಟ್ಯಾಬನ್ನು ಮಳಿಗೆಯವರು ಸ್ವೀಕರಿಸುವುದಿಲ್ಲ. ಒಯ್ಯಲು ಬಂದವರಿಗೆ ಕೊಡುವಾಗ ಸೀರಿಯಲ್ ಸಂಖ್ಯೆ ಕಾಣುವಂತೆ ಇನ್ನೊಂದು ವಿಡಿಯೊ ತೆಗೆದುಕೊಳ್ಳಿ. ಬದಲಿ ಟ್ಯಾಬ್ ಬಂದಾಗ ಮೂರನೆಯ ಹಂತದಿಂದ ಮತ್ತೆ ಶುರುಮಾಡಿ.